ಇಲಿಯ ಮೆದುಳು ಮತ್ತು ವಸ್ತುರೂಪದ ಗುರುತು: ಒಂದು ವಿಮರ್ಶೆ

ಇಲಿಯು ಮೂಗು ಮೀಸೆಗಳನ್ನು ನಂಬಿ ಬಾಳುವ ಪ್ರಾಣಿ, ಅದಕ್ಕೆ ಕಣ್ಣು ನೆಪಮಾತ್ರ ಎಂಬುದು ಬಹುಕಾಲದಿಂದ ಬಂದ ಅಭಿಪ್ರಾಯ. ಹುಮನಾಬಾದಿನ ಸುತ್ತಣ ತೊಗರಿ, ಜೋಳ, ಕಬ್ಬಿನ ಹೊಲಗಳಲ್ಲಿ ಕತ್ತಲಾದ ಮೇಲೆ ಬಿಲದಿಂದ ಹೊರಬೀಳುವ ಹೆಗ್ಗಣವನ್ನು ಬಲ್ಲವರು ಇದನ್ನು ಸುಲಭವಾಗಿ ಒಪ್ಪುವರು. ಪ್ರಯೋಗಶಾಲೆಯ ಇಲಿಯ ದೃಷ್ಟಿಸೂಕ್ಷ್ಮತೆಯೂ ಮನುಷ್ಯನದರ ಸುಮಾರು 30ರಲ್ಲಿ 1 ಪಾಲು ಮಾತ್ರ. ಹೀಗಿದ್ದೂ ಇಲಿಯು ವಸ್ತುಗಳ ಆಕಾರವನ್ನು ಗುರುತಿಸಬಲ್ಲುದೆಂಬ ವಾದವು ಈಗ ಬಲಗೊಂಡಿದೆ. ಅದರ ಆಧಾರವೆಷ್ಟು ಗಟ್ಟಿ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

2009ರಲ್ಲಿ ಝೊಕ್ಕೊಲಾನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಈ ವಾದದ ತಳಹದಿ. ಎರಡು ಆಕೃತಿಗಳನ್ನು ಬೇರ್ಪಡಿಸಲು ಇಲಿಗಳಿಗೆ ಕಲಿಸಿ, ಬಳಿಕ ಗಾತ್ರ, ತಿರುವು, ಬೆಳಕು ಇವುಗಳನ್ನು ಬದಲಿಸಿ ತೋರಿಸಲಾಯಿತು. ಹಿಂದೆ ಕಾಣದಿದ್ದ ನೋಟಗಳಲ್ಲಿಯೂ ಇಲಿಗಳು ಬಹುಮಟ್ಟಿಗೆ ಸರಿಯಾಗಿಯೇ ಆರಿಸಿದವು. ಆದರೆ ಸರಿಯಾದ ಆಯ್ಕೆ ಬೇರೆ, ಆಕಾರದ ಅರಿವು ಬೇರೆ. 2006ರಲ್ಲಿಯೇ ಮಿನಿನಿ ಮತ್ತು ಜೆಫ್ರಿ ಇವರು, ತ್ರಿಕೋಣ ಚೌಕಗಳನ್ನು ಬೇರ್ಪಡಿಸಿದ ಇಲಿಗಳು ನೆಚ್ಚಿದ್ದು ಆಕಾರವನ್ನಲ್ಲ, ಚಿತ್ರದ ಕೆಳಭಾಗದ ಬೆಳಕಿನ ವ್ಯತ್ಯಾಸವನ್ನು ಎಂದು ತೋರಿಸಿದ್ದರು. ನೋಟವನ್ನು ಬಗೆಬಗೆಯಾಗಿ ಬದಲಿಸುವುದರಿಂದ ಈ ಅಡ್ಡದಾರಿ ಕಿರಿದಾಗುವುದು ನಿಜ. ಅದು ಪೂರ್ತಿಯಾಗಿ ಮುಚ್ಚಿತೆನ್ನಲಾಗದು.

ಈ ಸಂದೇಹಕ್ಕೆ ಮೆದುಳಿನ ಒಳಗಿನಿಂದಲೇ ಉತ್ತರವನ್ನು ಹುಡುಕಿದುದು ತಫಜೋಲಿ ಮತ್ತು ಸಂಗಡಿಗರ 2017ರ ಪ್ರಬಂಧ. ಪ್ರಾಥಮಿಕ ದೃಷ್ಟಿಕ್ಷೇತ್ರದಿಂದ ಅದರ ಪಕ್ಕದ ಕ್ಷೇತ್ರಗಳ ಕಡೆಗೆ ಸಾಗಿದಂತೆ, ನರಕೋಶಗಳ ಸ್ಪಂದನದಲ್ಲಿ ಬರಿಯ ಬೆಳಕಿನ ಪಾಲು ಕುಗ್ಗುತ್ತದೆ. ನೋಟ ಬದಲಾದರೂ ವಸ್ತುವಿನ ಗುರುತು ಉಳಿಯುವ ಗುಣ ಹೆಚ್ಚುತ್ತದೆ. ನಮ್ಮ ಎಣಿಕೆಯಲ್ಲಿ ಈ ವಾದದ ಪರವಾಗಿ ಇದು ತೂಕವುಳ್ಳ ಸಾಕ್ಷ್ಯ. ಆದರೂ ಆ ಇಲಿಗಳು ಅರಿವಳಿಕೆಯಲ್ಲಿದ್ದವು. ಅವು ಏನನ್ನೂ ಆರಿಸಲಿಲ್ಲ. ಆರಿಸಿದ ಇಲಿ ಒಂದು, ಮೆದುಳು ತೆರೆದು ತೋರಿದ ಇಲಿ ಇನ್ನೊಂದು. ಇವೆರಡನ್ನೂ ಕೂಡಿಸುವುದು ನಮ್ಮ ಊಹೆಯೇ ಹೊರತು ಈ ಎರಡು ಪ್ರಯೋಗಗಳ ಫಲವಲ್ಲ. ಮೆದುಳಿನಲ್ಲಿ ಸಾಮಗ್ರಿಯಿದೆ ಎಂದಮಾತ್ರಕ್ಕೆ ಪ್ರಾಣಿಯು ಅದನ್ನು ಬಳಸುತ್ತದೆಂದು ಹೇಳಲಾಗದು.

ಈ ಭೇದವನ್ನು ಮರೆತರೆ ಎರಡು ಕಡೆ ಎಡವುವೆವು. ಇಲಿಯಲ್ಲಿ ಕಂಡುದನ್ನೆಲ್ಲ ಮನುಷ್ಯನ ದೃಷ್ಟಿಗೆ ಅನ್ವಯಿಸುವುದು ಒಂದು. ಪರದೆಯ ಮುಂದೆ ಪಳಗಿದ ಇಲಿಯ ಜಾಣ್ಮೆಯನ್ನು, ಬೇರೆ ಕುಲದ, ಇರುಳಿನಲ್ಲಿ ಅಲೆಯುವ ಹೊಲದ ಹೆಗ್ಗಣಕ್ಕೆ ಆರೋಪಿಸುವುದು ಇನ್ನೊಂದು. ಇಲಿಗೆ ಕಣ್ಣು ನೆಪಮಾತ್ರವೆಂಬ ಹಳೆಯ ಮಾತು ಬಿದ್ದುಹೋಯಿತು. ಅದು ನಮ್ಮಂತೆಯೇ ಕಾಣುತ್ತದೆಂಬ ಮಾತು ನಿಲ್ಲಬೇಕಾದರೆ, ಎಚ್ಚರದಲ್ಲಿದ್ದು ಆರಿಸುತ್ತಿರುವ ಇಲಿಯ ಮೆದುಳೇ ಸಾಕ್ಷಿ ನುಡಿಯಬೇಕು.