ಕೌದಿಯ ವಿನ್ಯಾಸ ಮತ್ತು ಅದರ ಕರ್ತೃತ್ವ

೧

ಕನ್ನಡ ವಿಮರ್ಶೆಯು ಜನಪದದ ಹಾಡಿಗೆ ಸಲ್ಲಿಸಿದ ಗೌರವವನ್ನು ಜನಪದದ ಹೊಲಿಗೆಗೆ ಇನ್ನೂ ಸಲ್ಲಿಸಿಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಮೇಲೆ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಯಲ್ಲಿ ಕಾವ್ಯವುಂಟೆಂಬ ಮಾತನ್ನು ಅಲ್ಲಗಳೆಯುವುದು ಪಂಡಿತರಿಗೂ ಕಷ್ಟವಾಯಿತು. ಆ ಹಾಡುಗಳ ಛಂದಸ್ಸು, ಪ್ರತಿಮೆ, ಜೀವನದೃಷ್ಟಿ ಇವೆಲ್ಲವೂ ತರಗತಿಗಳಲ್ಲಿ ವಿವೇಚನೆಗೆ ಒಳಗಾದುವು. ಆದರೆ ಅದೇ ಹೆಂಗಸು ಬೀಸುವ ಕೆಲಸವನ್ನು ಮುಗಿಸಿ, ಉಟ್ಟು ಹಳತಾದ ಸೀರೆಗಳನ್ನು ನೆಲದ ಮೇಲೆ ಹರಡಿ, ತೇಪೆಗೆ ತೇಪೆ ಕೂಡಿಸಿ ಹೊಲಿದ ಕೌದಿಯನ್ನು ಕುರಿತು ನಮ್ಮಲ್ಲಿ ಬಂದಿರುವ ಬರಹ ಬಹುಮಟ್ಟಿಗೆ ವರ್ಣನೆಯ ಮಟ್ಟದಲ್ಲಿಯೇ ನಿಂತಿದೆ. ‘ಬಣ್ಣಬಣ್ಣದ್ದು’, ‘ಬೆಚ್ಚಗಿನದು’, ‘ಅಜ್ಜಿಯ ನೆನಪಿನದು’ ಎಂಬ ಮೂರು ವಿಶೇಷಣಗಳಲ್ಲಿ ಆ ವರ್ಣನೆಯೂ ಮುಗಿದುಹೋಗುತ್ತದೆ.

ಇದಕ್ಕೆ ಕಾರಣವಿಲ್ಲದಿಲ್ಲ. ಕೌದಿಯು ಬಳಕೆಯ ವಸ್ತು. ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ, ಮಡಿಸಿ ತೊಟ್ಟಿಲಿಗೆ ಹಾಕಿದರೆ ಕೂಸಿನ ಮೆತ್ತೆ. ಬಳಸಿದಂತೆಲ್ಲ ಸವೆದು, ಕೊನೆಗೆ ಮತ್ತೊಂದು ಕೌದಿಯ ಒಳಪದರಾಗಿ ಕಣ್ಮರೆಯಾಗುವುದೇ ಅದರ ಸಹಜ ಗತಿ. ಉಳಿಯದ ವಸ್ತುವಿಗೆ ಇತಿಹಾಸವಿಲ್ಲ. ಇತಿಹಾಸವಿಲ್ಲದುದಕ್ಕೆ ವಿಮರ್ಶೆಯಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದರ ಜೊತೆಗೆ ಇನ್ನೊಂದು ತೊಡಕೂ ಉಂಟು. ಕಲಾಕೃತಿಯೆಂದರೆ ಅದಕ್ಕೊಬ್ಬ ಕರ್ತೃ ಇರಬೇಕು, ಅವನ ಮನಸ್ಸಿನಲ್ಲಿ ಕೃತಿಯ ರೂಪವು ಮೊದಲೇ ಮೂಡಿರಬೇಕು, ಕೈ ಅದನ್ನು ಆಮೇಲೆ ಅನುಸರಿಸಬೇಕು ಎಂಬುದು ನಾವು ಒಪ್ಪಿಕೊಂಡು ಬಂದಿರುವ ಕಲ್ಪನೆ. ಕೌದಿಗೆ ಈ ಅಳತೆಗೋಲನ್ನು ಹಿಡಿದಾಗ ಅಲ್ಲಿ ವಿನ್ಯಾಸಕಾರರು ಯಾರೂ ಕಾಣುವುದಿಲ್ಲ, ಹೊಲಿಯುವವರು ಮಾತ್ರ ಕಾಣುತ್ತಾರೆ.

ಕೊರತೆ ಇರುವುದು ಅಳತೆಗೋಲಿನಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ. ಕೌದಿಯಲ್ಲಿ ವಿನ್ಯಾಸವೂ ಹೊಲಿಗೆಯೂ ಒಂದೇ ಕ್ರಿಯೆಯ ಎರಡು ಮುಖಗಳು. ಅವನ್ನು ಬೇರ್ಪಡಿಸಿದಾಗ ವಸ್ತುವಿನ ಗುಣವೂ ಕೆಡುತ್ತದೆ, ಅದನ್ನು ಮಾಡಿದವಳ ಹಕ್ಕೂ ಅಳಿಯುತ್ತದೆ.

೨

ಈ ಮಾತನ್ನು ಸಮರ್ಥಿಸಲು ಕೌದಿಯ ರಚನಾಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಶ್ಯಕ.

ಕೌದಿಗೆ ಬೇಕಾದ ಬಟ್ಟೆಯನ್ನು ಸಾಮಾನ್ಯವಾಗಿ ಅಂಗಡಿಯಿಂದ ತರುವುದಿಲ್ಲ. ಮನೆಯಲ್ಲಿ ಇದ್ದುದೇ ಸಾಮಗ್ರಿ. ಒಂದು ಸೀರೆಯ ಮಡಿಲು ಸವೆದಿದ್ದರೂ ಸೆರಗು ಗಟ್ಟಿಯಾಗಿರುತ್ತದೆ. ಪಂಚೆಯ ನಡುಭಾಗ ಜಾಳಾಗಿದ್ದರೂ ಅಂಚು ಉಳಿದಿರುತ್ತದೆ. ಆದ್ದರಿಂದ ಮೊದಲನೆಯ ನಿರ್ಣಯ ವಿಂಗಡಣೆಯದು. ಯಾವುದು ಒಳಪದರಿಗೆ, ಯಾವುದು ತಳಕ್ಕೆ, ಯಾವುದು ಮೇಲ್ಮೈಗೆ ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳು ತೀರ್ಮಾನಿಸುತ್ತದೆ. ಬಟ್ಟೆಯನ್ನು ಎಳೆಯ ಜಾಡಿನಲ್ಲಿಯೇ ಹರಿದರೆ ಅಂಚು ನೇರವಾಗಿ ಬರುತ್ತದೆ, ತುಂಡು ಜಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದ ಮುಕ್ಕೋನ ತುಂಡಾದರೋ ಹೊಲಿಯುವಾಗ ಎಳೆದ ಕಡೆಗೆ ಹಿಗ್ಗುತ್ತದೆ. ಅಂಚು ಮಡಿಸುವುದರಲ್ಲಿ ಬಟ್ಟೆಯೂ ಹೆಚ್ಚು ವ್ಯಯವಾಗುತ್ತದೆ. ಕೌದಿಯಲ್ಲಿ ಚೌಕಗಳೂ ಉದ್ದಪಟ್ಟಿಗಳೂ ಹೇರಳವಾಗಿ, ಮುಕ್ಕೋನಗಳು ಮಿತವಾಗಿ ಕಾಣಿಸಿಕೊಳ್ಳುವುದು ಕಲ್ಪನೆಯ ಬಡತನದಿಂದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಕ್ಕೋನವು ದುಬಾರಿಯ ಆಕೃತಿ. ಅದನ್ನು ಮೂಲೆಯಲ್ಲಿಯೋ ನಟ್ಟನಡುವೆಯೋ ಇಟ್ಟಾಗ ಅದಕ್ಕೊಂದು ಬೆಲೆ ಬರುತ್ತದೆ. ಅಲಂಕಾರವನ್ನು ಎಲ್ಲೆಂದರಲ್ಲಿ ಚೆಲ್ಲದೆ ತಕ್ಕೆಡೆಯಲ್ಲಿ ನಿಲ್ಲಿಸುವ ಈ ವಿವೇಕವನ್ನು ಕ್ಷೇಮೇಂದ್ರನ ಮಾತಿನಲ್ಲಿ ಔಚಿತ್ಯವೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ಎರಡನೆಯ ನಿರ್ಣಯ ಹರಡುವಿಕೆಯದು. ಗುಡಿಸಿದ ನೆಲದ ಮೇಲೆ ತಳದ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ಭಾರವಿಟ್ಟು, ಪದರುಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಪದರುಗಳಲ್ಲಿ ಏರುಪೇರಾದರೆ ಒಂದೆಡೆ ಗಂಟು, ಇನ್ನೊಂದೆಡೆ ಪೊಳ್ಳು. ತೇಪೆಗಳ ಅಂಚುಗಳು ಒಂದೇ ಕಡೆ ನಾಲ್ಕಾರು ಸೇರಿದರೆ ಅಲ್ಲಿ ಸೂಜಿ ಇಳಿಯುವುದಿಲ್ಲ. ಹೀಗಾಗಿ ಮೇಲಿನ ಬಣ್ಣದ ಜೋಡಣೆಯು ಒಳಗಿನ ದಪ್ಪದ ಲೆಕ್ಕಕ್ಕೆ ಬದ್ಧವಾಗಿಯೇ ನಡೆಯಬೇಕು. ಕೆಂಪಿನ ಪಕ್ಕದಲ್ಲಿ ಹಸಿರು ಬಂದುದಕ್ಕೆ ಕಣ್ಣಿನ ಒಪ್ಪಿಗೆಯಷ್ಟೇ ಕಾರಣವಲ್ಲ. ಆ ಹಸಿರು ತುಂಡು ತೆಳುವಾಗಿದ್ದುದೂ ಕಾರಣವಾಗಿರಬಹುದು. ಛಂದಸ್ಸಿನ ನಿರ್ಬಂಧದೊಳಗೆ ಪದವನ್ನು ಆರಿಸುವ ಕವಿಯ ಪರಿಸ್ಥಿತಿಗೂ ಇದಕ್ಕೂ ದೂರವೇನಿಲ್ಲ.

ಮೂರನೆಯದು ಹೊಲಿಗೆಯ ಸಾಲು. ಸರಳವಾದ ಓಟದ ಹೊಲಿಗೆಯೊಂದೇ ಇಲ್ಲಿಯ ಮುಖ್ಯ ಸಾಧನ. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ಒಳಕ್ಕೆ ಸಾಗುವುದು ಒಂದು ಕ್ರಮ. ಒಂದು ಬದಿಯಿಂದ ಇನ್ನೊಂದು ಬದಿಗೆ ಸಮಾನಾಂತರವಾಗಿ ನಡೆಯುವುದು ಮತ್ತೊಂದು. ಸಾಲುಗಳು ಒತ್ತೊತ್ತಾದರೆ ಕೌದಿ ಗಟ್ಟಿಯಾಗುತ್ತದೆ, ಬಿರುಸೂ ಆಗುತ್ತದೆ. ವಿರಳವಾದರೆ ಮೆತ್ತಗಿರುತ್ತದೆ, ಆದರೆ ಒಗೆತದಲ್ಲಿ ಪದರು ಜಾರುತ್ತದೆ. ಇದು ಕೂಸಿನ ಮೈಗೋ, ದುಡಿದು ಬಂದವರ ಬೆನ್ನಿಗೋ ಎಂಬುದನ್ನು ಅರಿತು ಸಾಲಿನ ಅಂತರವನ್ನು ನಿಶ್ಚಯಿಸುವವಳು ಹೊಲಿಯುವವಳೇ. ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮಮ್ಮಟನು ಹೇಳಿದ ಮೂರು ಕಾವ್ಯಹೇತುಗಳೂ ಇಲ್ಲಿ ಒಂದೇ ಸೂಜಿಯ ಮೊನೆಯಲ್ಲಿ ಕೂಡಿ ಕೆಲಸ ಮಾಡುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರನಿದ್ದುದನ್ನು ನೆನೆದರೆ, ಸೂಜಿ ಹಿಡಿದ ಕೈ ಚಿಂತನೆಗೆ ಹೊರಗಲ್ಲವೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ.

೩

ಇನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳ ಸೀಮೆಗೆ ಬರಬಹುದು. ಇಂದು ಇವು ನಾಲ್ಕೂ ದಾವಣಗೆರೆ ಜಿಲ್ಲೆಗೆ ಸೇರಿವೆ. ಆದರೆ ೧೯೯೭ರಲ್ಲಿ ಆ ಜಿಲ್ಲೆಯು ರಚಿತವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟ ತಾಲ್ಲೂಕು. ಈ ಆಡಳಿತದ ಗೆರೆಗಳಿಗಿಂತ ಭೂಮಿಯ ಗೆರೆಗಳು ನಮ್ಮ ವಿಷಯಕ್ಕೆ ಮುಖ್ಯ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು; ಚನ್ನಗಿರಿಯದು ಸೂಳೆಕೆರೆಯ ನೀರು ಮತ್ತು ಅಡಕೆ ತೋಟಗಳ ಸೀಮೆ; ನ್ಯಾಮತಿಯ ಪಶ್ಚಿಮಕ್ಕೆ ಮಲೆನಾಡು ಸಮೀಪಿಸುತ್ತದೆ; ಜಗಳೂರಾದರೋ ಮಳೆಯನ್ನೇ ನಂಬಿದ ಬಯಲು, ಕುರಿ ಮತ್ತು ಕಂಬಳಿಯ ಪರಿಚಯವುಳ್ಳ ನಾಡು. ನಡುವೆ ಇರುವ ದಾವಣಗೆರೆಯು ಬಹುಕಾಲ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ನಗರ.

ಮನೆಯ ಹಳೆಯ ಬಟ್ಟೆಯಿಂದಲೇ ಹುಟ್ಟುವುದರಿಂದ ಕೌದಿಯು ಆ ಮನೆಯ ಬಟ್ಟೆಯ ಚರಿತ್ರೆಯೂ ಆಗಿರುತ್ತದೆ. ಕೈಮಗ್ಗದ ಸೀರೆಯ ದಪ್ಪ ಅಂಚು, ಗಿರಣಿಯ ಅಚ್ಚಿನ ಬಟ್ಟೆ, ೧೯೭೦ರ ದಶಕದಿಂದೀಚೆಗೆ ಹಳ್ಳಿಗಳಿಗೂ ವ್ಯಾಪಿಸಿದ ನೈಲಾನ್ ಮತ್ತು ಪಾಲಿಯೆಸ್ಟರ್ ಸೀರೆ, ಶಾಲೆಯ ಸಮವಸ್ತ್ರದ ತುಂಡು ಹೀಗೆ ಪದರು ಬಿಚ್ಚಿದಂತೆ ಕಾಲವೂ ಬಿಚ್ಚಿಕೊಳ್ಳುತ್ತದೆ. ಕೃತಕ ನೂಲಿನ ಬಟ್ಟೆ ಬೆವರನ್ನು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತದೆ. ಆದರೆ ಬೇಗ ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಅದನ್ನು ಮೇಲ್ಮೈಗೆ ಬಳಸಿ, ಮೈಗೆ ತಗಲುವ ತಳಕ್ಕೆ ಹತ್ತಿಯನ್ನೇ ಉಳಿಸಿಕೊಳ್ಳುವ ಉಪಾಯವು ವಿನ್ಯಾಸದ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಸರಿ. ಸಂಪ್ರದಾಯವೆಂದರೆ ಬದಲಾಗದುದು ಎಂದು ತಿಳಿದವರಿಗೆ ಇಂತಹ ಕೌದಿಯು ಕಲಬೆರಕೆಯೆಂದು ತೋರಬಹುದು. ವಾಸ್ತವವಾಗಿ ಸಾಮಗ್ರಿ ಬದಲಾದಾಗ ತೀರ್ಮಾನವನ್ನು ಬದಲಿಸಿಕೊಳ್ಳುವ ಶಕ್ತಿಯೇ ಅಲ್ಲಿಯ ಸಂಪ್ರದಾಯ.

ಈ ಸೀಮೆಗೆ ಇನ್ನೊಂದು ವೈಶಿಷ್ಟ್ಯವೂ ಉಂಟು. ಬಂಜಾರರು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವು ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಸುತ್ತಮುತ್ತ ಲಂಬಾಣಿ ತಾಂಡಾಗಳು ಅನೇಕ. ಕನ್ನಡಿ, ಕವಡೆ, ಬಣ್ಣದ ದಾರಗಳ ಲಂಬಾಣಿ ಕಸೂತಿಯೂ ತೇಪೆಯ ಕೌದಿಯೂ ಬೇರೆ ಬೇರೆ ಕಲೆಗಳಾದರೂ ಅವುಗಳ ನಡುವೆ ಗೋಡೆಯಿಲ್ಲ. ಲಂಬಾಣಿ ಕಸೂತಿಯಲ್ಲಿ ಎಣಿಸುವ ೧೪ ಬಗೆಯ ಹೊಲಿಗೆಗಳಲ್ಲಿ ಒಂದರ ಹೆಸರೇ ‘ಕೌದಿ’ ಎಂಬುದು ಗಮನಾರ್ಹ.

೪

ಜಗಳೂರಿನಿಂದ ಉತ್ತರಕ್ಕೆ ಕೂಡ್ಲಿಗಿಯನ್ನು ದಾಟಿದರೆ ಸಂಡೂರು. ಅಲ್ಲಿಯ ಲಂಬಾಣಿ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ಸೇರಿದಾಗ ಈ ಕಸೂತಿಯ ವಸ್ತುಗಳ ಬೃಹತ್ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಪಾತ್ರವಾಯಿತು. ತಾಂಡಾದ ಹೆಂಗಸರ ಕೈಗೆಲಸಕ್ಕೆ ಮಾರುಕಟ್ಟೆಯನ್ನೂ ಮನ್ನಣೆಯನ್ನೂ ತಂದುಕೊಟ್ಟ ಈ ಪ್ರಯತ್ನಗಳು ಸಣ್ಣವಲ್ಲ. ಅವನ್ನು ಹಗುರವಾಗಿ ಕಾಣುವುದು ನ್ಯಾಯವೂ ಅಲ್ಲ.

ಆದರೆ ಮಾರುಕಟ್ಟೆಯು ತನ್ನ ಜೊತೆಗೆ ಒಂದು ಹೊಸ ಕೆಲಸದ ಹಂಚಿಕೆಯನ್ನೂ ತರುತ್ತದೆ. ನೂರು ವಸ್ತುಗಳು ಒಂದೇ ತೆರನಾಗಿರಬೇಕೆಂದು ಕೊಳ್ಳುವವನು ಕೇಳಿದೊಡನೆ ನಗರದ ವಿನ್ಯಾಸಕಾರನು ಕಾಗದದ ಮೇಲೆ ನಕ್ಷೆ ಬರೆಯುತ್ತಾನೆ, ಬಣ್ಣಗಳು ನಿಗದಿಯಾಗುತ್ತವೆ, ಬಟ್ಟೆಯು ಒಂದೇ ಅಳತೆಗೆ ಕತ್ತರಿಸಿ ಬರುತ್ತದೆ, ಹಳ್ಳಿಯ ಹೆಂಗಸಿಗೆ ಉಳಿಯುವುದು ಹೊಲಿಗೆ ಮಾತ್ರ. ಕೂಲಿಯು ತುಂಡಿನ ಲೆಕ್ಕಕ್ಕೋ ದಿನದ ಲೆಕ್ಕಕ್ಕೋ ಇಳಿಯುತ್ತದೆ. ಮೇಲೆ ವಿವರಿಸಿದ ಮೂರು ನಿರ್ಣಯಗಳಲ್ಲಿ ಮೊದಲೆರಡು ಅವಳ ಕೈ ತಪ್ಪಿದುವು, ಮೂರನೆಯದು ಅರೆಯಾಯಿತು.

ಇಂತಹ ವಿಭಜನೆಗೆ ಹೊರನಾಡಿನಲ್ಲಿ ಒಂದು ಹಳೆಯ ನಿದರ್ಶನವಿದೆ. ಇಂಗ್ಲೆಂಡಿನ ಉತ್ತರಭಾಗದ ಆಲನ್‌ಹೆಡ್ಸ್ ಎಂಬ ಊರಿನ ಸುತ್ತ ೧೯ನೆಯ ಶತಮಾನದ ಕೊನೆಯಲ್ಲಿಯೂ ೨೦ನೆಯ ಶತಮಾನದ ಆರಂಭದಲ್ಲಿಯೂ ‘ಸ್ಟ್ಯಾಂಪರ್’ ಎಂಬ ವೃತ್ತಿಯವರಿದ್ದರು. ರಜಾಯಿಯ ಮೇಲುಬಟ್ಟೆಯ ಮೇಲೆ ನೀಲಿ ಪೆನ್ಸಿಲಿನಿಂದ ಬಳ್ಳಿ, ಹೂ, ನಕ್ಷತ್ರಗಳ ಚಿತ್ತಾರವನ್ನು ಬರೆದುಕೊಡುವುದು ಅವರ ಕೆಲಸ. ಗೆರೆಯ ಮೇಲೆ ಹೊಲಿಯುವುದು ಕೊಂಡವಳ ಕೆಲಸ. ಜಾರ್ಜ್ ಗಾರ್ಡಿನರ್ ಎಂಬ ಅಂಗಡಿಕಾರನೂ ಅವನಲ್ಲಿ ಕಲಿತ ಎಲಿಜಬೆತ್ ಸ್ಯಾಂಡರ್‌ಸನ್ ಎಂಬಾಕೆಯೂ ಈ ವೃತ್ತಿಯಲ್ಲಿ ಪ್ರಸಿದ್ಧರು. ಇಂದು ಆ ರಜಾಯಿಗಳನ್ನು ಗುರುತಿಸುವುದು ಗೆರೆ ಬರೆದವರ ಹೆಸರಿನಿಂದ. ಎಷ್ಟೋ ಇರುಳು ಕುಳಿತು ಹೊಲಿದವರ ಹೆಸರು ಬಹುಮಟ್ಟಿಗೆ ಅಳಿದುಹೋಗಿದೆ. ವಿನ್ಯಾಸವು ಹೊಲಿಗೆಯಿಂದ ಬೇರ್ಪಟ್ಟಲ್ಲಿ ಹೆಸರು ಯಾವ ಕಡೆಗೆ ಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಇದಕ್ಕೆ ಎದುರಾದ ನಿದರ್ಶನವೂ ಉಂಟು. ಅಮೆರಿಕದ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹಳೆಯ ದುಡಿಮೆಯ ಉಡುಪುಗಳಿಂದ ಹೊಲಿದ ರಜಾಯಿಗಳು ೨೦೦೨ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿಯೂ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಪ್ರದರ್ಶಿತವಾದುವು. ಅಲ್ಲಿ ಪ್ರತಿಯೊಂದು ಕೃತಿಯ ಜೊತೆಗೆ ಅದನ್ನು ಹೊಲಿದವಳ ಹೆಸರಿತ್ತು. ಹೆಸರು ಬಂದೊಡನೆ ವಿಮರ್ಶೆಯ ಧಾಟಿಯೂ ಬದಲಾಯಿತು. ಒಬ್ಬಳ ಶೈಲಿಯನ್ನು ಇನ್ನೊಬ್ಬಳ ಶೈಲಿಯೊಡನೆ ಹೋಲಿಸುವುದು ಸಾಧ್ಯವಾಯಿತು. ನಮ್ಮ ಉತ್ತರ ಕನ್ನಡದ ಸಿದ್ಧಿ ಹೆಂಗಸರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದಾಗಲೂ ಮೂಲೆಯಿಂದ ನಡುವಿಗೆ ಸಾಗುವ ಅವರ ಹೊಲಿಗೆ, ಮೂಲೆಗಳಿಗೆ ಮಡಿಸಿ ಕೂಡಿಸುವ ‘ಫೂಲ’ ಮೊದಲಾದ ಲಕ್ಷಣಗಳು ವಿದ್ವತ್ಪ್ರಪಂಚದ ಗಮನಕ್ಕೆ ಬಂದುವು. ಬಯಲುಸೀಮೆಯ ಕೌದಿಗೆ ಅಂತಹ ಓದು ಇನ್ನೂ ಸಲ್ಲಬೇಕಾಗಿದೆ.

೫

ಕಾನೂನಿನ ದೃಷ್ಟಿಯಿಂದಲೂ ಕೌದಿಯವಳ ಸ್ಥಾನ ವಿಚಿತ್ರವಾದುದು. ೧೯೯೯ರ ಭೌಗೋಳಿಕ ಸೂಚಕಗಳ ಅಧಿನಿಯಮವು ಸ್ಥಳದೊಡನೆ ಬೆಸೆದ ಹೆಸರನ್ನು ರಕ್ಷಿಸುತ್ತದೆ. ಆ ರಕ್ಷಣೆ ಸಮುದಾಯದ್ದು, ವ್ಯಕ್ತಿಯದಲ್ಲ. ೨೦೦೦ದ ವಿನ್ಯಾಸಗಳ ಅಧಿನಿಯಮವು ಹೊಸದಾದ, ಮೊದಲು ಪ್ರಕಟವಾಗಿರದ ವಿನ್ಯಾಸವನ್ನು ನೋಂದಾಯಿಸಿದವರಿಗೆ ಹತ್ತು ವರ್ಷ, ಮುಂದುವರಿಸಿದರೆ ಮತ್ತೆ ಐದು ವರ್ಷ ಹಕ್ಕು ಕೊಡುತ್ತದೆ. ಪ್ರತಿಯೊಂದು ಕೌದಿಯೂ ಹೊಸದೇ ಆದರೂ ಒಂದೊಂದನ್ನೂ ನೋಂದಾಯಿಸುವ ಹೆಂಗಸು ಇರಲಾರಳು. ಅವಳ ಕೌದಿಯನ್ನು ಕಂಡು ಕಾಗದಕ್ಕಿಳಿಸಿದವನಿಗೆ ವಿನ್ಯಾಸಕಾರನೆಂಬ ಹೆಸರು ಬರುವುದು ಸುಲಭ, ಅವಳಿಗೆ ಕಷ್ಟ.

ಇಲ್ಲಿ ವಿಮರ್ಶೆಯ ಹೊಣೆ ಬರುತ್ತದೆ. ಕೌದಿಯನ್ನು ಹೊಗಳುವುದರಿಂದ ಆ ಹೊಣೆ ತೀರುವುದಿಲ್ಲ. ಒಳ್ಳೆಯ ಕೌದಿ, ಸಾಧಾರಣ ಕೌದಿ, ಸೋತ ಕೌದಿ ಎಂಬ ವಿವೇಚನೆ ಹುಟ್ಟಬೇಕು. ಯಂತ್ರದಲ್ಲಿ ಹೊಲಿದುದೆಲ್ಲ ಕೀಳು, ಕೈಯಲ್ಲಿ ಹೊಲಿದುದೆಲ್ಲ ಮೇಲು ಎಂಬ ನಿಯಮವಿಲ್ಲ. ಬಟ್ಟೆಯ ಬಲಾಬಲವನ್ನು ಅರಿಯದೆ ಜಾಳು ತುಂಡನ್ನು ಅಂಚಿಗಿಟ್ಟುದು, ಎಲ್ಲೆಡೆಯೂ ಸಮನಾಗಿ ಬಣ್ಣ ಚೆಲ್ಲಿ ಕಣ್ಣಿಗೆ ತಂಗುದಾಣವನ್ನೇ ಉಳಿಸದುದು, ಕೈಯದಾದರೂ ಸೋತ ಕೌದಿಯೇ. ಇಂತಹ ತಾರತಮ್ಯವನ್ನು ಹೊಲಿಯುವ ಹೆಂಗಸರು ತಮ್ಮೊಳಗೆ ಮಾಡುತ್ತಲೇ ಇರುತ್ತಾರೆ. ‘ಈ ಮೂಲೆ ಎಳೀತದೆ’, ‘ಇಲ್ಲಿ ಪದರು ಕೂತಿಲ್ಲ’ ಎಂಬ ಅವರ ಮಾತುಗಳಲ್ಲಿ ಪರಿಪೂರ್ಣವಾದ ಒಂದು ವಿಮರ್ಶಾಪರಿಭಾಷೆ ಅಡಗಿದೆ. ಅದನ್ನು ಸಂಗ್ರಹಿಸುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಂದ ಸಾಧ್ಯವಾಗುವ ಕೆಲಸ. ಹೊನ್ನಾಳಿಯ ವಿದ್ಯಾರ್ಥಿ ತನ್ನ ಮನೆಯ ಕೌದಿಯನ್ನು, ಜಗಳೂರಿನ ವಿದ್ಯಾರ್ಥಿನಿ ತನ್ನ ಓಣಿಯ ಕೌದಿಯನ್ನು ಅಳೆದು, ಪದರು ಎಣಿಸಿ, ಬಟ್ಟೆಯ ಮೂಲವನ್ನು ಕೇಳಿ ಬರೆದುಕೊಳ್ಳಬಹುದು. ಹೊಲಿದವಳು ಒಪ್ಪಿದರೆ ಅವಳ ಹೆಸರನ್ನೂ ವರ್ಷವನ್ನೂ ಸೇರಿಸಬಹುದು.

ಹಾಡಿದವಳ ಹೆಸರನ್ನು ಬರೆದಿಟ್ಟುಕೊಳ್ಳದೆ ಹೋದುದರಿಂದ ತ್ರಿಪದಿಗಳ ವಿಷಯದಲ್ಲಿ ನಾವು ಕಳೆದುಕೊಂಡುದು ಬಹಳ. ಕೌದಿಯ ವಿಷಯದಲ್ಲಿ ಹೊಲಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ತಿಳಿಯುವ ಅವಕಾಶ ಒಂದು ತಲೆಮಾರಿನಷ್ಟು ಮಾತ್ರ ಉಳಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು.