ಆದಿತ್ಯವಾರ ಓಡದವನು

೨೦೨೫ರ ಅಕ್ಟೋಬರ್ ೩೦ರ ರಾತ್ರಿ ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಜೆಮಿಮಾ ರೋಡ್ರಿಗ್ಸ್ ಆಡಿದ ಆಟವನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ನೋಡಿರಬೇಕು. ಮಹಿಳಾ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ. ಎದುರಿಗೆ ಆಸ್ಟ್ರೇಲಿಯ, ಬೆನ್ನಟ್ಟಬೇಕಾದ ಮೊತ್ತ ೩೩೯. ಈ ಹುಡುಗಿ ೧೩೪ ಚೆಂಡುಗಳಲ್ಲಿ ಔಟಾಗದೆ ೧೨೭ ರನ್ ಗಳಿಸಿ, ಇನ್ನೂ ಒಂಬತ್ತು ಚೆಂಡು ಉಳಿದಿರುವಾಗಲೇ ತಂಡವನ್ನು ದಡ ಸೇರಿಸಿದಳು. ಆಟ ಮುಗಿದ ಮೇಲೆ ಕಣ್ಣೀರು ತಡೆಯಲಾರದೆ ಮಾತಿಗೆ ನಿಂತಾಗ ಮೊದಲು ಯೇಸುವಿಗೆ, ಅನಂತರ ತಾಯಿಗೆ, ತಂದೆಗೆ, ಗುರುವಿಗೆ ಕೃತಜ್ಞತೆ ಹೇಳಿದಳು. ಕೊನೆಕೊನೆಗೆ ಮೈ ಸೋತಾಗ ಬೈಬಲಿನ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆನೆಂದಳು.

ಬೆಳಗಾಗುವಷ್ಟರಲ್ಲಿ ೧೨೭ ರನ್ನಿನ ಮಾತು ಹಿಂದೆ ಸರಿದಿತ್ತು. ಆಡಿದ್ದು ದೇಶಕ್ಕಾಗಿ, ನಡುವೆ ಯೇಸುವಿನ ಹೆಸರೇಕೆ ಎಂದು ಒಂದು ಗುಂಪು. ನೋಡಿದಿರಾ, ನಮ್ಮ ದೇವರ ಮಹಿಮೆ ಎಂದು ಇನ್ನೊಂದು ಗುಂಪು. ಕೈಫೋನು ತೆರೆದರೆ ಇದೇ, ಲೋಕಲ್ ಗಾಡಿಯಲ್ಲಿ ಪತ್ರಿಕೆ ಮಡಿಸಿಕೊಂಡು ಕುಳಿತವರ ಬಾಯಲ್ಲೂ ಇದೇ. ಇದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, ೨೦೨೪ರ ಅಕ್ಟೋಬರಿನಲ್ಲಿ, ನಗರದ ಒಂದು ಜಿಮ್‌ಖಾನಾ ಆಕೆಗೆ ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ಹಿಂತೆಗೆದುಕೊಂಡಿತ್ತು. ಅಲ್ಲಿನ ಸಭಾಂಗಣವನ್ನು ತಂದೆ ಧಾರ್ಮಿಕ ಕೂಟಗಳಿಗೆ ಬಳಸಿದರೆಂಬುದು ಕೆಲವು ಸದಸ್ಯರ ದೂರು; ನಡೆದದ್ದು ಪ್ರಾರ್ಥನಾ ಕೂಟ, ನಿಯಮ ಮೀರಿ ಏನೂ ಮಾಡಿಲ್ಲವೆಂಬುದು ತಂದೆಯ ಉತ್ತರ. ಆ ಜಗಳದ ನ್ಯಾಯ ಅನ್ಯಾಯ ಇಲ್ಲಿ ನಮ್ಮ ವಿಷಯವಲ್ಲ. ಆದರೆ ಆ ರಾತ್ರಿಯ ಮಾತುಗಳು ಬರಿಯ ನೆಲದ ಮೇಲೆ ಬೀಳಲಿಲ್ಲ, ಮೊದಲೇ ಹದಗೊಂಡ ನೆಲದ ಮೇಲೆ ಬಿದ್ದುವು ಎಂಬುದನ್ನು ನೆನಪಿಡಬೇಕು.

ಈ ಗದ್ದಲದ ನಡುವೆ ನಮಗೆ ಹಳೆಯದೊಂದು ಚಿತ್ರ ನೆನಪಾಗಿ, ಅದನ್ನು ಮತ್ತೊಮ್ಮೆ ಕುಳಿತು ನೋಡಿದೆವು. ೧೯೮೧ರಲ್ಲಿ ಬಂದ ‘ಚಾರಿಯಟ್ಸ್ ಆಫ್ ಫೈರ್’. ಹ್ಯೂ ಹಡ್ಸನ್ ನಿರ್ದೇಶಿಸಿದ, ಕಾಲಿನ್ ವೆಲಂಡ್ ಬರೆದ ಈ ಚಿತ್ರ ಅತ್ಯುತ್ತಮ ಚಿತ್ರವೆಂಬುದೂ ಸೇರಿ ನಾಲ್ಕು ಆಸ್ಕರ್ ಪಡೆಯಿತು. ಸಮುದ್ರ ತೀರದಲ್ಲಿ ಬಿಳಿಯ ಉಡುಪಿನ ಹುಡುಗರು ನೀರು ಚಿಮ್ಮಿಸುತ್ತ ಓಡುವ ಮೊದಲ ದೃಶ್ಯ, ಅದರ ಹಿಂದಿನ ವ್ಯಾಂಜೆಲಿಸ್‌ನ ಸಂಗೀತ, ಇವೆರಡು ಚಿತ್ರ ನೋಡದವರಿಗೂ ಪರಿಚಿತ. ನಮ್ಮ ಶಾಲೆಗಳ ಕ್ರೀಡಾದಿನದ ಧ್ವನಿವರ್ಧಕಗಳೂ ಆ ಸಂಗೀತವನ್ನು ಬಿಟ್ಟಿಲ್ಲ.

ಕಥೆ ೧೯೨೪ರ ಪ್ಯಾರಿಸ್ ಒಲಿಂಪಿಕ್ಸಿನದು. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ನೂರು ಮೀಟರಿನ ಓಟಗಾರ. ಚೀನದಲ್ಲಿ ಮಿಷನರಿಗಳ ಮಗನಾಗಿ ೧೯೦೨ರಲ್ಲಿ ಹುಟ್ಟಿದವನು, ತಾನೂ ಅದೇ ಕೆಲಸಕ್ಕೆ ಹೊರಟವನು. ನೂರು ಮೀಟರಿನ ಮೊದಲ ಸುತ್ತು ಆದಿತ್ಯವಾರ ಬಿದ್ದಿತು. ಅದು ದೇವರ ದಿನ, ಓಡುವುದಿಲ್ಲ ಎಂದ. ದಕ್ಷಿಣ ಕನ್ನಡದಿಂದ ಬಂದ ನಮ್ಮ ಓದುಗರಿಗೆ ಈ ಹಟ ಪೂರ್ತಿ ಅಪರಿಚಿತವಲ್ಲ. ಆದಿತ್ಯವಾರದ ಇಗರ್ಜಿ ಗಂಟೆಗೆ ಗದ್ದೆಯ ಕೆಲಸ ನಿಲ್ಲಿಸುವ ಮನೆಗಳನ್ನು ಅವರು ಬಲ್ಲರು. ಲಿಡೆಲ್ ನೂರು ಬಿಟ್ಟು ನಾನೂರು ಮೀಟರ್ ಓಡಿದ, ೪೭.೬ ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ.

ಮೊದಲ ಸಲ ನೋಡಿದಾಗ ನಾವೂ ಎಲ್ಲರಂತೆ ಮನಸೋತಿದ್ದೆವು. ಈ ಸಲ ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಿದೆವು: ಇವನ ದೇವರ ಹೆಸರಿಗೆ ನಾವು ತಲೆದೂಗುವುದೇಕೆ, ಆಕೆಯ ದೇವರ ಹೆಸರಿಗೆ ಹುಬ್ಬು ಗಂಟಿಕ್ಕುವುದೇಕೆ?

ಒಂದು ಉತ್ತರ ಚಿತ್ರದ ಕಟ್ಟೋಣದಲ್ಲೇ ಇದೆ. ಚಿತ್ರದಲ್ಲಿ ಲಿಡೆಲ್‌ಗೆ ಆದಿತ್ಯವಾರದ ಸುದ್ದಿ ತಿಳಿಯುವುದು ಪ್ಯಾರಿಸ್ಸಿಗೆ ಹೊರಟು ಹಡಗು ಹತ್ತುವಾಗ. ಅಲ್ಲಿಂದ ಎಲ್ಲವೂ ನಾಟಕೀಯ. ಯುವರಾಜನ ಸಮ್ಮುಖದಲ್ಲಿ ದೊಡ್ಡವರ ಒತ್ತಾಯ, ದೇಶವೋ ದೇವರೋ ಎಂಬ ವಾಗ್ವಾದ, ಕೊನೆ ಗಳಿಗೆಯಲ್ಲಿ ಗೆಳೆಯನೊಬ್ಬ ತನ್ನ ಸ್ಥಾನ ಬಿಟ್ಟುಕೊಟ್ಟು ದಾರಿ ಮಾಡುವುದು. ನಿಜದಲ್ಲಿ ಓಟಗಳ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಲಿಡೆಲ್ ಆಗಲೇ ಇಲ್ಲವೆಂದಿದ್ದ, ನಾನೂರು ಮೀಟರಿಗೆ ಅಭ್ಯಾಸವನ್ನೂ ಮಾಡಿಕೊಂಡಿದ್ದ. ಆ ತಿಂಗಳುಗಳೆಲ್ಲ ಗೊಣಗಾಟದ ತಿಂಗಳುಗಳು. ಖಚಿತವಾಗಿ ಬರಬಹುದಾದ ಪದಕವನ್ನು ಒಬ್ಬನ ಮಡಿಗಾಗಿ ಕಳೆದುಕೊಳ್ಳುವುದೇ ಎಂಬ ಅಸಮಾಧಾನ ಅಲ್ಲೂ ಇತ್ತು. ಚಿತ್ರ ಇದನ್ನೆಲ್ಲ ಒಂದು ಕೋಣೆಗೆ, ನಾಲ್ಕಾರು ಹಿರಿಯ ಕುಲೀನರ ಬಾಯಿಗೆ ಹಾಕಿ ಮುಗಿಸುತ್ತದೆ. ಅವರು ದುರಹಂಕಾರಿಗಳು, ಇವನು ಸಜ್ಜನ. ಪ್ರೇಕ್ಷಕನಿಗೆ ಪಕ್ಷ ಆರಿಸಲು ಏನೂ ಕಷ್ಟವಿಲ್ಲ. ಗೊಣಗಿದ ಸಾಮಾನ್ಯ ಜನರು, ಅಂದರೆ ನಮ್ಮಂಥವರು, ತೆರೆಯ ಮೇಲೆ ಎಲ್ಲೂ ಇಲ್ಲ. ನಮ್ಮನ್ನು ನಮಗೆ ತೋರಿಸದ ಚಿತ್ರವನ್ನು ಪ್ರೀತಿಸುವುದು ಎಷ್ಟು ಸುಲಭ!

ತಂಗಿ ಜೆನ್ನಿಯ ಪಾತ್ರಕ್ಕೂ ಹೀಗೆಯೇ ಆಗಿದೆ. ಓಟ ಬಿಟ್ಟು ದೇವರ ಕೆಲಸಕ್ಕೆ ಬಾ ಎಂದು ಅಣ್ಣನನ್ನು ಚುಚ್ಚುವವಳಾಗಿ ಆಕೆಯನ್ನು ತೋರಿಸಿದ್ದಾರೆ. ನಿಜವಾದ ತಂಗಿ ಅಣ್ಣನ ಓಟವನ್ನು ವಿರೋಧಿಸಿದವಳಲ್ಲ. ಒಬ್ಬ ಭಕ್ತನನ್ನು ಹಿತವಾಗಿಸಲು ಪಕ್ಕದಲ್ಲಿ ಒಬ್ಬ ಕಟು ಭಕ್ತೆ ಬೇಕಾಯಿತೆಂದು ಕಾಣುತ್ತದೆ.

ಚಿತ್ರದ ಅತಿ ಸುಂದರ ಭಾಗವೆಂದು ಹಲವರು ಹೊಗಳುವುದು ಪ್ಯಾರಿಸ್ಸಿನ ಸ್ಕಾಟಿಷ್ ಚರ್ಚಿನ ದೃಶ್ಯವನ್ನು. ಲಿಡೆಲ್ ವೇದಿಕೆಯಲ್ಲಿ ನಿಂತು ಬೈಬಲ್ ಓದುತ್ತಾನೆ, ನಡುನಡುವೆ ಮೈದಾನದಲ್ಲಿ ಸೋತು ಬಸವಳಿದವರು ನಿಧಾನಗತಿಯಲ್ಲಿ ಬಂದು ಹೋಗುತ್ತಾರೆ. ಸುಂದರ ನಿಜ. ಆದರೆ ಈ ಜೋಡಣೆ ಹೇಳುವುದೇನು? ದೇವರ ದಿನ ಮುರಿದವನು ಬಿದ್ದ, ಉಳಿಸಿಕೊಂಡವನು ಗೆದ್ದ ಎಂದಲ್ಲವೆ? ಸತ್ಯನಾರಾಯಣ ಕಥೆಯಲ್ಲಿ ಪ್ರಸಾದ ಬಿಟ್ಟವಳ ಗಂಡನ ಹಡಗು ಮುಳುಗಿದ ಹಾಗೆ! ಲಿಡೆಲ್ ಸ್ವತಃ ಹಾಗೆ ಲೆಕ್ಕ ಹಾಕಿದವನಲ್ಲ. ಆದಿತ್ಯವಾರ ಬಿದ್ದ ರಿಲೇ ಓಟಗಳನ್ನೂ ಅವನು ಬಿಟ್ಟ. ಅಲ್ಲಿ ಬ್ರಿಟನ್ನಿಗೆ ಚಿನ್ನ ಬರಲಿಲ್ಲ. ಆ ನಷ್ಟ ಚಿತ್ರಕ್ಕೆ ಬೇಡ.

ನಾನೂರರಲ್ಲಿ ಅವನು ಸೋತಿದ್ದರೆ? ಎಡಿನ್‌ಬರೊ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ತಲೆಗೆ ಎಲೆಯ ಕಿರೀಟ ಕಟ್ಟಿ, ವಿದ್ಯಾರ್ಥಿಗಳು ಅವನನ್ನು ಕುರ್ಚಿಯಲ್ಲಿ ಹೊತ್ತು ಬೀದಿಯಲ್ಲಿ ಮೆರೆಸಿದರು. ಸೋತಿದ್ದರೆ ಮೆರವಣಿಗೆಯೂ ಇಲ್ಲ, ಐವತ್ತೇಳು ವರ್ಷಗಳ ಮೇಲೆ ಚಿತ್ರವೂ ಇಲ್ಲ. ಅದೇ ದ್ವೀಪದ ಜೊನಾಥನ್ ಎಡ್ವರ್ಡ್ಸ್‌ನ ವಿಷಯ ನೋಡಿ. ತ್ರಿವಿಧ ಜಿಗಿತದವನು, ೧೯೯೧ರ ವಿಶ್ವ ಚಾಂಪಿಯನ್‌ಷಿಪ್ಪಿಗೆ ಆದಿತ್ಯವಾರದ ಕಾರಣಕ್ಕೆ ಹೋಗಲಿಲ್ಲ. ೧೯೯೩ರಲ್ಲಿ ಮನಸ್ಸು ಬದಲಿಸಿ ಆದಿತ್ಯವಾರವೂ ಜಿಗಿದ. ೧೯೯೫ರಲ್ಲಿ ೧೮.೨೯ ಮೀಟರ್ ಜಿಗಿದು ವಿಶ್ವದಾಖಲೆ, ೨೦೦೦ದಲ್ಲಿ ಸಿಡ್ನಿಯ ಚಿನ್ನ. ೨೦೦೭ರಲ್ಲಿ, ನಂಬಿಕೆ ತನ್ನನ್ನು ಬಿಟ್ಟುಹೋಗಿದೆ ಎಂದು ಬಹಿರಂಗವಾಗಿ ಹೇಳಿದ. ಬಾರದೆ ಉಳಿದದ್ದು, ಬಂದದ್ದು, ನಂಬಿದ್ದು, ನಂಬಿಕೆ ಕಳೆದುಕೊಂಡದ್ದು, ಎಲ್ಲವೂ ಒಬ್ಬನಲ್ಲೇ. ಇವನ ಬಾಳು ಲಿಡೆಲ್‌ನದಕ್ಕಿಂತ ಹೆಚ್ಚು ಗೋಜಲು, ಆದ್ದರಿಂದ ಕಲಾವಿದನಿಗೆ ಹೆಚ್ಚು ಸವಾಲಿನದು ಎಂದು ನಮಗೆ ಅನಿಸುತ್ತದೆ.

ಹಾಗೆಂದು ಚಿತ್ರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರ ಇನ್ನೊಬ್ಬ ನಾಯಕ ಹೆರಲ್ಡ್ ಅಬ್ರಹಾಮ್ಸ್, ಆ ನೂರು ಮೀಟರ್ ಗೆದ್ದವನು, ಯಹೂದಿ. ಅವನು ಎಲ್ಲಿಯೂ ದೇವರ ಮಾತೆತ್ತುವುದಿಲ್ಲ. ಆದರೂ ಕೇಂಬ್ರಿಜ್ಜಿನ ಗುರುಗಳು ಕಿಟಕಿಯ ಹಿಂದೆ ನಿಂತು ಅವನ ಕುಲದ ಮಾತಾಡಿಕೊಳ್ಳುತ್ತಾರೆ. ಒಬ್ಬ ತನ್ನ ನಂಬಿಕೆಯನ್ನು ತಾನೇ ಹೇಳಿದ. ಇನ್ನೊಬ್ಬ ಹೇಳದಿದ್ದರೂ ಜನ ಅವನ ಹೆಸರಿನಲ್ಲಿ ಓದಿಕೊಂಡರು. ಚಿತ್ರ ಇಬ್ಬರನ್ನು ಅಕ್ಕಪಕ್ಕ ಇಟ್ಟದ್ದು ದೊಡ್ಡ ಸಂಗತಿ. ೨೦೨೧ರ ಅಕ್ಟೋಬರಿನಲ್ಲಿ ದುಬೈಯಲ್ಲಿ ಪಾಕಿಸ್ತಾನದೆದುರು ಸೋತಾಗ ಮೊಹಮ್ಮದ್ ಶಮಿ ಯಾವ ದೇವರ ಹೆಸರನ್ನೂ ಹೇಳಿರಲಿಲ್ಲ. ಬೈಗುಳಕ್ಕೆ ಅವನ ಹೆಸರೇ ಸಾಕಾಯಿತು. ಮಂಗಳೂರು ಮೂಲದ ಮನೆತನದ, ಭಾಂಡುಪಿನಲ್ಲಿ ಬೆಳೆದ ಜೆಮಿಮಾಳಲ್ಲಿ ಲಿಡೆಲ್, ಅಬ್ರಹಾಮ್ಸ್ ಇಬ್ಬರೂ ಸೇರಿದ್ದಾರೆ. ಆಕೆ ಹೇಳಿದ್ದಕ್ಕೂ ಉತ್ತರ ಬಂತು, ಹೇಳದೆ ಇದ್ದದ್ದಕ್ಕೂ ಬಂತು.

ಕ್ರೀಡಾಂಗಣದಲ್ಲಿ ದೇವರ ಸುಳಿವೇ ಇರಬಾರದು ಎನ್ನುವವರೂ ಇದ್ದಾರೆ. ಅವರ ಮಾತಿಗೆ ಒಂದು ಘನತೆಯಿದೆ, ಆದರೆ ಅದನ್ನು ಎಲ್ಲರಿಗೂ ಅನ್ವಯಿಸಬೇಕು. ೧೯೯೯ರಲ್ಲಿ ತಂದೆ ತೀರಿಕೊಂಡ ಕೆಲವೇ ದಿನಗಳಲ್ಲಿ ಬ್ರಿಸ್ಟಲ್ಲಿನಲ್ಲಿ ಶತಕ ಬಾರಿಸಿ ಸಚಿನ್ ತೆಂಡೂಲ್ಕರ್ ಆಕಾಶ ನೋಡಿದಾಗ ಆಟದಲ್ಲಿ ಸ್ವರ್ಗವನ್ನೇಕೆ ತಂದೆ ಎಂದು ಯಾರೂ ಕೇಳಲಿಲ್ಲ, ಕೇಳಬಾರದು ಕೂಡ. ಪಿಚ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಕೊರಳಿನ ತಾಯತಕ್ಕೆ ಮುತ್ತಿಡುವುದು, ಪಂದ್ಯದ ಮುಂಚೆ ಉಜ್ಜಯಿನಿಯ ಮಹಾಕಾಳೇಶ್ವರನ ದರ್ಶನ, ಇವೆಲ್ಲ ನಮ್ಮ ಕಣ್ಣಿಗೆ ಧರ್ಮವಾಗಿ ಬೀಳುವುದೇ ಇಲ್ಲ. ಸಂಪ್ರದಾಯ, ಸಂಸ್ಕಾರ ಎಂದು ಬೀಳುತ್ತವೆ. ನಮ್ಮ ಮನೆಯ ಊದುಬತ್ತಿ ನಮಗೆ ವಾಸನೆಯಲ್ಲ, ಪಕ್ಕದ ಮನೆಯ ಮೇಣದಬತ್ತಿ ವಾಸನೆ.

ಆಕ್ಷೇಪಕ್ಕೆ ಎಲ್ಲೂ ಎಡೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆಸ್ಟ್ರೇಲಿಯದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ೨೦೧೯ರಲ್ಲಿ ಸಲಿಂಗಿಗಳೂ ಇನ್ನು ಹಲವರೂ ಪಶ್ಚಾತ್ತಾಪ ಪಡದಿದ್ದರೆ ನರಕವೇ ಗತಿ ಎಂಬರ್ಥದ ಬರಹ ಹಾಕಿ ಕೆಲಸ ಕಳೆದುಕೊಂಡ. ಕೊನೆಗೆ ಎರಡೂ ಪಕ್ಷ ರಾಜಿಗೆ ಬಂದುವು. ತನ್ನ ದೇವರಿಗೆ ಕೈಮುಗಿಯುವುದು ಬೇರೆ, ಆ ಕೈಯನ್ನೇ ಮತ್ತೊಬ್ಬರ ಕಡೆ ಬೆರಳು ಮಾಡಿ ಚಾಚುವುದು ಬೇರೆ. ಈ ಭೇದವನ್ನು ಗಮನಿಸದೆ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವವರ ಟೀಕೆಗೆ ಟೀಕೆಯ ಬೆಲೆ ಇಲ್ಲ.

ವೃತ್ತಿಪರ ಕ್ರೀಡೆಯಲ್ಲಿ ಇನ್ನೊಂದು ವಿಚಿತ್ರವಿದೆ. ೨೦೦೭ರಲ್ಲಿ ಅಥೆನ್ಸಿನಲ್ಲಿ ಯೂರೋಪಿನ ಚಾಂಪಿಯನ್ ಪಟ್ಟ ಗೆದ್ದ ಮಿಲಾನ್ ತಂಡದ ಬ್ರೆಜಿಲ್ ಆಟಗಾರ ಕಾಕಾ ಮೈದಾನದಲ್ಲಿ ಮಂಡಿಯೂರಿದ. ಒಳ ಅಂಗಿಯ ಮೇಲೆ ತಾನು ಯೇಸುವಿಗೆ ಸೇರಿದವನೆಂಬ ಬರಹ. ಅವನು ಕಳಚಿದ ಹೊರ ಅಂಗಿಯ ಮೇಲೆ ಇದ್ದದ್ದು ಒಂದು ಬಾಜಿ ಕಂಪೆನಿಯ ಹೆಸರು. ಇಂದಿನ ಫುಟ್ಬಾಲ್ ನಿಯಮದಂತೆ ಒಳ ಅಂಗಿಯ ಬರಹ ತಪ್ಪು, ಹೊರ ಅಂಗಿಯ ಜಾಹೀರಾತು ಸರಿ. ಹಣ ಕೊಟ್ಟವನ ಹೆಸರನ್ನು ಎದೆಯ ಮೇಲೆ ಹೊತ್ತರೆ ಆಟಕ್ಕೆ ಧಕ್ಕೆಯಿಲ್ಲ, ತಾನಾಗಿ ನೆನೆದವನ ಹೆಸರಿನಿಂದ ಧಕ್ಕೆ!

ಅಕ್ಟೋಬರ್ ೩೦ರ ರಾತ್ರಿಗೆ ಮರಳೋಣ. ಆಕೆ ಇನ್ನೂ ಕೆಲವು ಮಾತು ಹೇಳಿದ್ದಳು. ಅದೇ ಪಂದ್ಯಾವಳಿಯಲ್ಲಿ ಇಂಗ್ಲೆಂಡಿನೆದುರು ತನ್ನನ್ನು ತಂಡದಿಂದ ಕೈಬಿಟ್ಟಿದ್ದರು, ಪ್ರತಿದಿನವೆಂಬಂತೆ ಅಳುತ್ತಿದ್ದೆ, ಮನಸ್ಸು ಕಳವಳದಿಂದ ಕುಸಿದಿತ್ತು, ಜೊತೆಗಾತಿಯರು ಬಂದು ಪಕ್ಕದಲ್ಲಿ ಕುಳಿತರು. ಲಕ್ಷಾಂತರ ಜನರೆದುರು ಇಪ್ಪತ್ತೈದರ ಒಬ್ಬ ಆಟಗಾರ್ತಿ ತನ್ನ ಮನೋವ್ಯಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ನಮ್ಮ ಕ್ರೀಡಾಲೋಕದಲ್ಲಿ ಅಪರೂಪ. ಮಗಳೊಬ್ಬಳು ಪರೀಕ್ಷೆಯ ಒತ್ತಡಕ್ಕೆ ಕೋಣೆಯ ಬಾಗಿಲು ಹಾಕಿಕೊಂಡ ಮನೆಗಳು ಈ ನಗರದಲ್ಲಿ ಕಡಿಮೆಯೆ? ಆ ಮನೆಗಳಿಗೆ ಬೇಕಿದ್ದ ಮಾತು ಅದು. ನಾವು ಕೇಳಿಸಿಕೊಂಡದ್ದು ಒಂದೇ ಶಬ್ದ. ಬೈದವರೂ ಅದನ್ನೇ ಹಿಡಿದರು, ಅದನ್ನೇ ಬಾವುಟ ಮಾಡಿದವರೂ ಹಿಡಿದರು. ಪ್ರಾರ್ಥಿಸಿದ್ದರಿಂದ ಗೆದ್ದಳು ಎಂದವರು ಆ ಮೊದಲಿನ ಅಳುವ ದಿನಗಳಲ್ಲೂ ಆಕೆ ಪ್ರಾರ್ಥಿಸುತ್ತಿದ್ದಳೆಂಬುದನ್ನು ಮರೆತರು.

ಲಿಡೆಲ್‌ನ ಚಿತ್ರ ಮುಗಿಯುವಾಗ, ಅವನು ಮಿಷನರಿಯಾಗಿ ಚೀನದಲ್ಲಿ ತೀರಿಕೊಂಡನೆಂದು ಒಂದೆರಡು ಸಾಲು ತೆರೆಯ ಮೇಲೆ ಬಂದು ಹೋಗುತ್ತವೆ. ಚಿತ್ರಕ್ಕೆ ಅಷ್ಟು ಸಾಕಾಯಿತು. ೧೯೨೫ರಲ್ಲಿ ಚೀನಕ್ಕೆ ಹೋದವನು ತಿಯೆನ್‌ಸಿನ್ನಿನ ಶಾಲೆಯಲ್ಲಿ ಪಾಠ ಹೇಳಿದ. ೧೯೪೩ರಲ್ಲಿ ಜಪಾನೀಯರು ಅವನನ್ನು ವೈಷಿಯೆನ್ನಿನ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ತಂದೆತಾಯಿಯರಿಂದ ದೂರವಾದ ಮಕ್ಕಳು ಬಹಳ. ಅವರಿಗೆ ಅವನು ಎರಿಕ್ ಮಾಮ. ಮುರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ಕೊಡುತ್ತಿದ್ದ, ಆಟ ಆಡಿಸುತ್ತಿದ್ದ, ಆದರೆ ಆದಿತ್ಯವಾರ ಮಾತ್ರ ಇಲ್ಲ. ಹೊತ್ತು ಹೋಗದ ಹುಡುಗರು ಒಂದು ಆದಿತ್ಯವಾರ ತಾವೇ ಹಾಕಿ ಆಡಲು ಹೋದರು. ತೀರ್ಪುಗಾರನಿಲ್ಲದೆ ಆಟ ಹೊಡೆದಾಟವಾಯಿತು. ಮುಂದಿನ ಆದಿತ್ಯವಾರ ಮೈದಾನದಲ್ಲಿ ಲಿಡೆಲ್ ಸೀಟಿ ಹಿಡಿದು ನಿಂತಿದ್ದ. ಒಲಿಂಪಿಕ್ ಪದಕಕ್ಕೆ ಮುರಿಯದ ನೇಮವನ್ನು ಆ ಮಕ್ಕಳಿಗಾಗಿ ಮುರಿದ. ಯಾವ ಪತ್ರಿಕೆಯವನೂ ಅಲ್ಲಿರಲಿಲ್ಲ. ೧೯೪೫ರ ಫೆಬ್ರವರಿ ೨೧ರಂದು, ಶಿಬಿರದ ಬಾಗಿಲು ತೆರೆಯಲು ಇನ್ನೂ ಆರು ತಿಂಗಳಿರುವಾಗ, ಮಿದುಳಿನ ಗಡ್ಡೆಯಿಂದ ಅಲ್ಲಿಯೇ ತೀರಿಕೊಂಡ. ಅವನಿಗಾಗ ನಲವತ್ತಮೂರು ವರ್ಷ.