ಬೆಳಗಿನ ಹರಟೆ, ಎದುರಿನ ಅರ್ಥಧಾರಿ

ಮಂಗಳೂರಿನ ರೆಡ್ ಎಫ್‌ಎಂ ಬರುವುದು 93.5ರಲ್ಲಿ. ಕಣ್ಣೂರಿನದ್ದೂ ಅದೇ 93.5. ನಡುವೆ ನಾವು, ಕಾಸರಗೋಡಿನವರು. ಕಾರಿನ ರೇಡಿಯೊವನ್ನು ಆ ಸಂಖ್ಯೆಯಲ್ಲೇ ಬಿಟ್ಟು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ, ‘ಎಂಥ ಮಾರಾಯ್ರೆ’ ಎನ್ನುತ್ತಿದ್ದ ದನಿ ಯಾವುದೋ ತಿರುವಿನಲ್ಲಿ ವಾಕ್ಯ ಮುಗಿಯುವ ಮೊದಲೇ ಮಲಯಾಳಕ್ಕೆ ಹೊರಳುತ್ತದೆ. ಎರಡೂ ಕಲಸಿಕೊಂಡು ಗೊಂದಲವಾಗುವುದು ಕಡಿಮೆ. ಎಫ್‌ಎಂನ ಗುಣವೇ ಹಾಗೆ. ಒಂದೇ ಕಂಪನಾಂಕದಲ್ಲಿ ಎರಡು ನಿಲ್ದಾಣಗಳು ಬಂದರೆ ರೇಡಿಯೊ ಬಲವಾದದ್ದನ್ನು ಹಿಡಿದುಕೊಂಡು ಇನ್ನೊಂದನ್ನು ಅದುಮಿಬಿಡುತ್ತದೆ. ಹಳೆಯ ಎಎಂ ಆಗಿದ್ದರೆ ಇಬ್ಬರೂ ಒಟ್ಟಿಗೆ ಅರಚುತ್ತಿದ್ದರು.

ಮಧೂರಿನಲ್ಲಿ ಗೆಲ್ಲುವುದು ಮಂಗಳೂರು. ದೇವಸ್ಥಾನದ ಹತ್ತಿರ ಮಧುವಾಹಿನಿಯ ತಗ್ಗಿನಲ್ಲಿ ಸ್ವಲ್ಪ ಕೊರಕೊರ, ಉಳಿಯತ್ತಡ್ಕದ ಕಡೆಗೆ ಏರಿದರೆ ಸ್ಪಷ್ಟ. ಬೆಳಗ್ಗೆ ಏಳು ಗಂಟೆಗೆ ಮಿರ್ಚಿ 98.3, ಬಿಗ್ 92.7, ರೆಡ್ 93.5, ಇವೆಲ್ಲಕ್ಕಿಂತ ಹಿರಿಯ, 1976ರಿಂದ ಮಾತಾಡುತ್ತಿರುವ ಮಂಗಳೂರು ಆಕಾಶವಾಣಿ 100.3. ರಾಕ್ ಬೇಕೆಂದರೆ ಮಾತ್ರ ಗಾಳಿಯಲ್ಲಿ ಸಿಕ್ಕುವುದಿಲ್ಲ. ಇಂಗ್ಲಿಷ್ ಹಾಡುಗಳ ರೇಡಿಯೊ ಇಂಡಿಗೊ 91.9 ಬೆಂಗಳೂರಿನದು, ಅದರ ಅಲೆ ಘಟ್ಟ ಇಳಿಯುವುದಿಲ್ಲ. ಮೊಬೈಲಿನಲ್ಲೇ ಕೇಳಬೇಕು.

ಈ ವಾರ ನಾನು ಕಿವಿಗೊಟ್ಟದ್ದು ಹಾಡಿಗಲ್ಲ, ಹಾಡಿನ ನಡುವಿನ ಮಾತಿಗೆ. ಇಬ್ಬರು ಕೂತು ಲೋಕದ ಚಿತ್ರವಿಚಿತ್ರ ಸುದ್ದಿಗಳನ್ನು ಹೆಕ್ಕಿ, ಒಬ್ಬರ ಕಾಲನ್ನು ಇನ್ನೊಬ್ಬರು ಎಳೆದು, ನಡುವೆ ಗಿಟಾರ್ ಗುಡುಗಿಸುವ ಬೆಳಗಿನ ಕಾರ್ಯಕ್ರಮಗಳು ಜಗತ್ತಿನ ಎಲ್ಲೆಡೆ ಇವೆ. ಹೆಚ್ಚಿನವು ಯಾಕೆ ಕೇಳುವಂತಿಲ್ಲ, ಕೆಲವು ಮಾತ್ರ ಯಾಕೆ ಹಲ್ಲುಜ್ಜುವುದನ್ನೂ ನಿಲ್ಲಿಸಿ ಕೇಳುವಂತಿವೆ ಎನ್ನುವುದು ನನ್ನ ಕುತೂಹಲ. ಯಕ್ಷಗಾನದ ಊರಿನವನಾದ್ದರಿಂದ ನನ್ನ ಅಳತೆಗೋಲು ತಾಳಮದ್ದಳೆಯದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಜಗಳ. ಅಲ್ಲಿ ಒಳ್ಳೆಯ ಅರ್ಥಧಾರಿಯನ್ನು ಗುರುತಿಸುವುದು ಅವನು ಎಷ್ಟು ಮಾತಾಡಿದ ಎಂಬುದರಿಂದ ಅಲ್ಲ. ಎದುರಿನವನು ಹೇಳಿದ್ದನ್ನು ಎಷ್ಟು ಕೇಳಿಸಿಕೊಂಡ ಎಂಬುದರಿಂದ.

ರಾಕ್ ರೇಡಿಯೊದ ಬೆಳಗಿನ ಪುಂಡಾಟಕ್ಕೆ ದೊಡ್ಡ ಹೆಸರು ತಂದವನು ಷಿಕಾಗೊದ ಸ್ಟೀವ್ ಡಾಲ್. 1978ರ ಕ್ರಿಸ್‌ಮಸ್ ಮುನ್ನಾದಿನ ಅವನ ನಿಲ್ದಾಣ ರಾಕ್ ಬಿಟ್ಟು ಡಿಸ್ಕೊಗೆ ಜಾರಿ ಅವನನ್ನು ಮನೆಗೆ ಕಳಿಸಿತು. ಇನ್ನೊಂದು ನಿಲ್ದಾಣ ಸೇರಿಕೊಂಡ ಡಾಲ್, ದಿನಾ ಬೆಳಗ್ಗೆ ಡಿಸ್ಕೊ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಸ್ಫೋಟದ ಸದ್ದು ಹಾಕತೊಡಗಿದ. ತಮಾಷೆ ಬೆಳೆಯುತ್ತ ಬೆಳೆಯುತ್ತ 1979ರ ಜುಲೈ 12ರಂದು ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನಕ್ಕೆ ಬಂತು. ಡಿಸ್ಕೊ ರೆಕಾರ್ಡೊಂದನ್ನು ತಂದವರಿಗೆ 98 ಸೆಂಟಿಗೆ ಟಿಕೆಟ್. ಎರಡು ಪಂದ್ಯಗಳ ನಡುವೆ ರೆಕಾರ್ಡುಗಳ ಪೆಟ್ಟಿಗೆಗೆ ನಿಜವಾಗಿಯೇ ಸಿಡಿಮದ್ದು ಇಟ್ಟರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ನಡೆಯಲೇ ಇಲ್ಲ. ಊರಿನ ತಂಡಕ್ಕೆ ಸೋಲು ಬರೆದು ಡೆಟ್ರಾಯಿಟ್‌ಗೆ ಗೆಲುವು ಕೊಟ್ಟರು. ಡಿಸ್ಕೊ ಕಪ್ಪುಜನರ, ಲ್ಯಾಟಿನೊಗಳ, ಸಲಿಂಗಿಗಳ ಸಂಗೀತವೂ ಆಗಿದ್ದರಿಂದ, ಆ ಬೆಂಕಿಯಲ್ಲಿ ಸುಟ್ಟದ್ದು ಬರೀ ಪ್ಲಾಸ್ಟಿಕ್ಕೇ ಎಂಬ ಪ್ರಶ್ನೆ ಇಂದಿಗೂ ತಣ್ಣಗಾಗಿಲ್ಲ.

ಜನಕ್ಕೆ ನೆನಪಿರುವುದು ಈ ಗದ್ದಲ. ಆದರೆ ಡಾಲ್ ವರ್ಷಗಟ್ಟಲೆ ನಿಂತದ್ದು ಗದ್ದಲದಿಂದಲ್ಲ, ಪಕ್ಕದಲ್ಲಿ ಗ್ಯಾರಿ ಮೇಯರ್ ಎಂಬವನಿದ್ದ. ಮೇಯರ್ ಸುದ್ದಿ ಓದುವುದು, ಡಾಲ್ ಅದರ ಮೇಲೆ ಹಾರುವುದು, ಇವನು ಹಗ್ಗ ಬಿಡುವುದು, ಬೇಕಾದಾಗ ಎಳೆಯುವುದು. ಅವರ ಜೋಡಿ 1993ರವರೆಗೆ ನಡೆಯಿತು. ಸಿಡಿಮದ್ದು ಯಾರಿಗೂ ಸಿಗುತ್ತದೆ, ಮೇಯರ್ ಸಿಗುವುದು ಕಷ್ಟ.

ನಮ್ಮ ದೇಶದ ಕತೆ ಬೇರೆ. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ಅಲೆಗಳು ಸಾರ್ವಜನಿಕ ಸೊತ್ತು ಎಂದಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಶುರುವಾಯಿತು. ಆದರೆ ಸುದ್ದಿಗೆ ಅನುಮತಿ ಇರಲಿಲ್ಲ, ಈಗಲೂ ಸ್ವಂತ ಸುದ್ದಿಗೆ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಎಂದು 2011ರ ನೀತಿ ಹೇಳಿತು, 2019ರಲ್ಲಿ ಅದನ್ನು ಪುಕ್ಕಟೆ ಹಂಚುವ ವ್ಯವಸ್ಥೆಯಾಯಿತು. ಟ್ರಾಫಿಕ್, ಮಳೆ, ಕರೆಂಟು, ನೀರು, ಪರೀಕ್ಷೆಯ ರಿಸಲ್ಟು, ಜಾತ್ರೆ, ಆಟೋಟ ಇವೆಲ್ಲ ಸರಕಾರದ ಲೆಕ್ಕದಲ್ಲಿ ‘ಸುದ್ದಿಯಲ್ಲ’, ಹಾಗಾಗಿ ಹೇಳಬಹುದು. ನಮ್ಮ ಬೆಳಗಿನ ನಿರೂಪಕರು ಟೊಮೆಟೊ ಮದುವೆ, ಬೆಕ್ಕಿನ ಹುಟ್ಟುಹಬ್ಬ, ಫಿನ್ಲೆಂಡಿನ ಹೆಂಡತಿ ಹೊರುವ ಓಟ ಅಂತ ಅಲೆಯುವುದು ಅವರ ಬುದ್ಧಿಮಟ್ಟದಿಂದ ಮಾತ್ರವಲ್ಲ. ಕಾನೂನು ಅವರನ್ನು ಆ ಕಡೆಗೇ ಅಟ್ಟಿದೆ.

ನಮ್ಮ ಊರಿನ ಎರಡು ಸುದ್ದಿಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ, ತುಳು ಊರುಹೆಸರುಗಳನ್ನು ಮಲಯಾಳೀಕರಿಸುತ್ತಾರೆ, ಮಧೂರು ಮಧುರಂ ಆಗುತ್ತದೆ ಎಂಬ ಗುಲ್ಲೆದ್ದಿತು. ಬೆಂಗಳೂರಿನ ರಾಜಕಾರಣಿಗಳು ಪತ್ರ ಬರೆದರು, ಕೇರಳದ ಮುಖ್ಯಮಂತ್ರಿ ಅಂಥ ಪ್ರಸ್ತಾವವೇ ಇಲ್ಲ ಎಂದರು. ಇಲ್ಲಿಯ ಹೋಟೆಲು, ಸೆಲೂನು, ದೇವಸ್ಥಾನದ ಕಟ್ಟೆ ಎಲ್ಲ ಕಡೆ ಅದೇ ಮಾತು. ಖಾಸಗಿ ಎಫ್‌ಎಂ ಮಟ್ಟಿಗೆ ಅದು ಮುಟ್ಟಬಾರದ ವಿಷಯ. ಮರುವರ್ಷ, 2022ರ ಅಕ್ಟೋಬರ್ 9ರಂದು, ಕುಂಬಳೆ ಬಳಿಯ ಅನಂತಪುರ ಕೆರೆ ದೇವಸ್ಥಾನದ ಮೊಸಳೆ ಬಬಿಯಾ ಸತ್ತಿತು. ನೈವೇದ್ಯದ ಅನ್ನ ತಿನ್ನುವ ಸಸ್ಯಾಹಾರಿ ಎಂದು ಲೋಕಪ್ರಸಿದ್ಧಿ ಪಡೆದಿದ್ದ ಪ್ರಾಣಿ. ಅಂತಿಮ ದರ್ಶನಕ್ಕೆ ಜನ ಕ್ಯೂ ನಿಂತರು. 2023ರ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಇದನ್ನು ಎಷ್ಟು ಬೇಕಾದರೂ ಹೇಳಬಹುದು.

ಈಗ ಕೆಟ್ಟ ಹರಟೆ ಹೇಗಿರುತ್ತದೆ ಎಂದರೆ: ‘ಫ್ರೆಂಡ್ಸ್, ಒಂದು ಸಖತ್ ನ್ಯೂಸ್! ಅನಂತಪುರಕ್ಕೆ ಹೊಸ ಮೊಸಳೆ ಬಂದಿದೆಯಂತೆ!’ ಪಕ್ಕದ ಹುಡುಗಿ ಹಹ್ಹಹ್ಹಾ ಎಂದು ನಗುತ್ತಾಳೆ. ಯಾಕೆ ನಕ್ಕಳು? ನಗಲಿಕ್ಕೆ ಸಂಬಳ ಕೊಡುತ್ತಾರೆ, ಅದಕ್ಕೆ. ಕೂಡಲೇ ಚಿನ್ನದಂಗಡಿಯ ಜಾಹೀರಾತು.

ಒಳ್ಳೆಯದು ಹೇಗಿರಬಹುದು ಎಂದು ನಾನೇ ಊಹಿಸಿಕೊಂಡದ್ದು ಹೀಗೆ:

‘ಅನಂತಪುರಕ್ಕೆ ಹೊಸ ಮೊಸಳೆ ಬಂದಿದೆಯಂತೆ.’

‘ಹೌದಾ? ಯಾರು ಕಳಿಸಿದ್ದು?’

‘ಅದು ಯಾರಿಗೂ ಗೊತ್ತಿಲ್ಲ.’

‘ಜಾಗ ಖಾಲಿ ಬಿದ್ದು ಒಂದು ವರ್ಷ ಆಯಿತಲ್ಲ. ಪಿಎಸ್‌ಸಿ ರ‍್ಯಾಂಕ್ ಲಿಸ್ಟಿನಿಂದ ಬಂದಿರಬೇಕು.’

‘ಹಾಗಾದರೆ ಕೆಲಸಕ್ಕೆ ಸೇರುವ ಮೊದಲು ಕನ್ನಡ ಬರುತ್ತದೋ ಅಂತ ಕೇಳಿದ್ದಾರಾ?’

ಇಷ್ಟೇ. ಇಬ್ಬರೂ ನಗಲಿಲ್ಲ, ನಗುವ ಕೆಲಸ ಕೇಳುಗನಿಗೆ ಬಿಟ್ಟರು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕುತ್ತಾರೆಂದು ವರ್ಷವರ್ಷವೂ ಧರಣಿ ಕೂರುವ ಈ ಜಿಲ್ಲೆಯಲ್ಲಿ ಕೊನೆಯ ಮಾತಿಗೆ ಅಡಿಟಿಪ್ಪಣಿ ಬೇಡ. ಹೇಳಬಾರದ ಸುದ್ದಿ, ಹೇಳಬಹುದಾದ ಮೊಸಳೆಯ ಬೆನ್ನೇರಿ ಮನೆಮನೆಗೆ ಹೋಯಿತು. ಇದೇನೂ ಹೊಸ ವಿದ್ಯೆಯಲ್ಲ. ಬೆಂಗಳೂರು ಆಕಾಶವಾಣಿಯಲ್ಲಿ ‘ಈರಣ್ಣ’ನೆಂದೇ ಮನೆಮಾತಾದ ಎ.ಎಸ್. ಮೂರ್ತಿಯವರು ಊರಿನ ಕೊಳಕನ್ನು ನಗಿಸುತ್ತಲೇ ಎತ್ತಿ ತೋರಿಸಿದ್ದು ಸರಕಾರದ ಮೈಕಿನಲ್ಲೇ.

ಮೇಲಿನ ಐದು ಮಾತುಗಳಲ್ಲಿ ಗೆದ್ದವನು ಯಾರು ಎಂದು ನೋಡಿ. ಸುದ್ದಿ ತಂದವನೇ ಕೊನೆಗೆ ಹೊಡೆತ ಕೊಟ್ಟ. ಆದರೆ ಪಿಎಸ್‌ಸಿ ಎಂಬ ಚೆಂಡನ್ನು ಎತ್ತಿ ಕೊಟ್ಟವನು ಎದುರಿನವನು. ತಾಳಮದ್ದಳೆಯ ರಸಿಕರು ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು, ರಾವಣನನ್ನು ಇಂದಿಗೂ ನೆನೆಯುತ್ತಾರೆ. ನೆನೆಯುವಾಗ ಎದುರಿಗೆ ಯಾರಿದ್ದರು ಎಂಬುದನ್ನು ಬಿಡದೆ ಹೇಳುತ್ತಾರೆ. ಸಾಮಗರಿದ್ದರೇ, ಕುಂಬಳೆ ಸುಂದರ ರಾಯರಿದ್ದರೇ? ವಾಲಿ ಏರಬೇಕಾದರೆ ರಾಮ ಸರಿಯಾದ ಪ್ರಶ್ನೆ ಕೇಳಬೇಕು. ಸೋಲಬೇಕಾದ ಪಾತ್ರದವನೂ ಪೂರ್ತಿ ವಾದಿಸುತ್ತಾನೆ. ಪದ್ಯ ಅವನನ್ನು ಸೋಲಿಸಲಿ, ಮಾತಿನಲ್ಲಿ ಅವನು ಸುಲಭಕ್ಕೆ ಬಗ್ಗುವವನಲ್ಲ.

ಇನ್ನೊಂದು ಕಸುಬು ಉಂಟು, ಅದು ಹಾಡಿಗೆ ಸೇರಿದ್ದು. ರಾಕ್ ಹಾಡುಗಳಿಗೆ ಉದ್ದ ಮುನ್ನುಡಿ. ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ತೆಗೆದುಕೊಳ್ಳಿ. ಮೊದಲು ಗಿಟಾರ್ ಒಂಟಿಯಾಗಿ, ಮೇಲಿಂದ ಹೈ-ಹ್ಯಾಟ್‌ನ ಚಿಟಿಕೆ, ಆಮೇಲೆ ಡ್ರಮ್ಸ್, ಬೇಸ್. ಇಯಾನ್ ಗಿಲನ್ ಬಾಯಿ ತೆರೆಯುವಾಗ ಐವತ್ತು ಸೆಕೆಂಡಿನ ಆಸುಪಾಸು. ಪಳಗಿದ ನಿರೂಪಕ ಆ ಐವತ್ತು ಸೆಕೆಂಡಿನ ಮೇಲೆ ಮಾತಾಡುತ್ತಾನೆ, ಮಾತಿನ ಕೊನೆಯ ಅಕ್ಷರ ಬಿದ್ದ ಮರುಕ್ಷಣ ಗಾಯಕನ ಮೊದಲ ಅಕ್ಷರ ಏಳಬೇಕು. ಒಂದು ಸೆಕೆಂಡು ಹೆಚ್ಚಾದರೆ ಹಾಡಿನ ಮೇಲೆ ಕಾಲಿಟ್ಟ ಹಾಗೆ, ಕಡಿಮೆಯಾದರೆ ಹಲ್ಲಿಲ್ಲದ ಬಾಯಿ. ಅರ್ಥಧಾರಿ ಮಾತು ಮುಗಿಸುವ ಬನಿ ನೋಡಿ ಭಾಗವತರು ಜಾಗಟೆ ಎತ್ತುವುದು, ಪದ್ಯದ ಎತ್ತುಗಡೆ ಮಾತಿನ ಬಾಲ ಹಿಡಿದೇ ಬರುವುದು, ಅದೂ ಇದೇ ಲೆಕ್ಕ. ನಮ್ಮ ನಿಲ್ದಾಣಗಳಲ್ಲಿ ಈಗ ಕಂಪ್ಯೂಟರ್ ಪರದೆಯ ಮೇಲೆ ಸೆಕೆಂಡು ಇಳಿಯುತ್ತ ಹೋಗುತ್ತದೆ, ಆದರೂ ತಪ್ಪುತ್ತಾರೆ.

ಅಂದ ಹಾಗೆ ಆ ಹಾಡೇ ಒಂದು ವಿಚಿತ್ರ ಸುದ್ದಿ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂತ್ರೊ ಕ್ಯಾಸಿನೊದಲ್ಲಿ ಫ್ರ್ಯಾಂಕ್ ಜಾಪಾ ಕಛೇರಿ ನಡೆಯುವಾಗ ಪ್ರೇಕ್ಷಕನೊಬ್ಬ ಜ್ವಾಲೆಯ ಪಿಸ್ತೂಲನ್ನು ಚಾವಣಿಗೆ ಹೊಡೆದ, ಕಟ್ಟಡ ಸುಟ್ಟುಹೋಯಿತು, ಅಲ್ಲೇ ಧ್ವನಿಮುದ್ರಣಕ್ಕೆ ಬಂದಿದ್ದ ಡೀಪ್ ಪರ್ಪಲ್‌ನವರು ಸರೋವರದ ಮೇಲಿನ ಹೊಗೆ ನೋಡುತ್ತ ಕೂತರು. ಇದನ್ನು ಆ ಐವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುವ ನಿರೂಪಕ ಸಿಕ್ಕಿದರೆ ನಾನು ಅವನಿಗೆ ಮಧೂರಿನ ಅಪ್ಪಪ್ರಸಾದ ಕಳಿಸುತ್ತೇನೆ.

ಇನ್ನು ತಮಾಷೆಯ ಫೋನ್ ಕರೆ. ಬೆಂಗಳೂರಿನ ರೆಡ್ ಎಫ್‌ಎಂನಲ್ಲಿ ಸುನಿಲ್ ಅವರ ‘ಕಲರ್ ಕಾಗೆ’ ಎಷ್ಟೋ ಮಂದಿಯ ಮೊಬೈಲಿನಲ್ಲಿ ಹಾರಾಡಿತು. ಫೀವರ್ 104ರಲ್ಲಿ ದಾನಿಶ್ ಸೇಠ್ ಫೋನಿನಲ್ಲಿ ಸೃಷ್ಟಿಸಿದ ನೊಗ್ರಾಜ್ ಎಂಬ ಅರಚುಗ ರಾಜಕಾರಣಿ 2018ರಲ್ಲಿ ಸಿನೆಮಾವೇ ಆದ. ನೊಗ್ರಾಜ್ ನನಗೆ ಇಷ್ಟ, ಯಾಕೆಂದರೆ ಕೊನೆಗೆ ಮಂಗನಾಗುವವನು ಅವನೇ. ಆದರೆ ಈ ಪ್ರಕಾರದ ಬಗ್ಗೆ ನನಗೆ ಮೊದಲಿನಿಂದಲೂ ಅಳುಕು. ಎದುರಿನ ಅರ್ಥಧಾರಿಗೆ ತಾನು ಕೂಟದಲ್ಲಿ ಕೂತಿದ್ದೇನೆ ಎಂದೇ ಗೊತ್ತಿರುವುದಿಲ್ಲ.

ಅದರ ಕೊನೆ ಎಲ್ಲಿಗೆ ಮುಟ್ಟಬಹುದೆಂದು ಕರಾವಳಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2012ರ ಡಿಸೆಂಬರ್‌ನಲ್ಲಿ ಸಿಡ್ನಿಯ ಒಂದು ಎಫ್‌ಎಂನ ಇಬ್ಬರು ನಿರೂಪಕರು ಬ್ರಿಟನ್ನಿನ ರಾಣಿ ಮತ್ತು ಯುವರಾಜರಂತೆ ನಟಿಸಿ ಲಂಡನ್ನಿನ ಆಸ್ಪತ್ರೆಗೆ ಫೋನ್ ಮಾಡಿದರು. ಒಳಗೆ ರಾಜಮನೆತನದ ಸೊಸೆ, ಗರ್ಭಿಣಿ, ಚಿಕಿತ್ಸೆಯಲ್ಲಿದ್ದಳು. ಅವರ ನಟನೆ ಎಷ್ಟು ಕಳಪೆ ಎಂದರೆ, ಯಾರೂ ನಂಬಲಾರರು ಎಂದೇ ಅವರು ಅಂದುಕೊಂಡಿದ್ದರು. ನಸುಕಿನಲ್ಲಿ ಫೋನ್ ಎತ್ತಿದ ದಾದಿ ನಂಬಿದರು, ಕರೆಯನ್ನು ವಾರ್ಡಿಗೆ ದಾಟಿಸಿದರು, ಅಷ್ಟೇ ಅವರು ಮಾಡಿದ್ದು. ಮುದ್ರಿಸಿಕೊಂಡ ಕರೆಯನ್ನು ನಿಲ್ದಾಣ ಅವರ ಒಪ್ಪಿಗೆಯಿಲ್ಲದೆ ಪ್ರಸಾರ ಮಾಡಿತು. ಲೋಕವೆಲ್ಲ ನಕ್ಕಿತು. ಮೂರು ದಿನ ಕಳೆದು ದಾದಿ ತೀರಿಕೊಂಡರು. ಅವರು ನಮ್ಮ ಕರಾವಳಿಯವರು. ಅಂತ್ಯಕ್ರಿಯೆ ನಡೆದದ್ದು ಉಡುಪಿ ಜಿಲ್ಲೆಯ ಶಿರ್ವದಲ್ಲಿ. ಮುಂದೆ ಆಸ್ಟ್ರೇಲಿಯದಲ್ಲಿ ಆ ನಿಲ್ದಾಣದ ಮೇಲಿನ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ಹಾಗಂತ ಇಲ್ಲಿಯ ಎಫ್‌ಎಂಗಳಲ್ಲಿ ತಮಾಷೆ ಕರೆ ನಿಂತಿಲ್ಲ. ‘ನಿಮ್ಮ ಮಗ ಪರೀಕ್ಷೆಯಲ್ಲಿ ಫೇಲು’ ಎಂದು ತಾಯಿಯನ್ನು ಅಳಿಸಿ ಕೊನೆಗೆ ‘ಸುಮ್ನೆ ತಮಾಷೆ ಅಕ್ಕ’ ಎನ್ನುವ ಧಾಟಿ ನನ್ನ ಕಿವಿಗೆ ಬಿದ್ದ ಕೂಡಲೇ ನಾನು 100.3ಕ್ಕೆ ಹೋಗುತ್ತೇನೆ. ಅಲ್ಲಿ ಯಾವ ನಗುವೂ ಇರಲಿಕ್ಕಿಲ್ಲ, ಅಡಿಕೆಗೆ ಮದ್ದು ಬಿಡುವ ವಿಚಾರವಾದರೂ ಇರುತ್ತದೆ.

ಈಗ ಆ ನಗುವ ಹುಡುಗಿಯ ವಿಷಯ. ನಮ್ಮ ಬೆಳಗಿನ ಜೋಡಿ ಕಾರ್ಯಕ್ರಮಗಳ ದೊಡ್ಡ ಊನ ಇದೇ ಎಂದು ನನ್ನ ತೀರ್ಮಾನ. ಜೋಕು ಅವನದು, ‘ಅಯ್ಯೋ ಹೋಗಪ್ಪಾ’ ಅವಳದು. ಬೆಂಗಳೂರಿನ ರೇಡಿಯೊ ಮಿರ್ಚಿಯಲ್ಲಿ ‘ಪೋರಿ ಟಪೋರಿ’ ಎಂದು ಹೆಸರಾಗಿದ್ದ, 2022ರಲ್ಲಿ ಅಕಾಲಿಕವಾಗಿ ತೀರಿಕೊಂಡ ರಚನಾ ಅವರಂಥ ಬಾಯಾಳಿಗಳು ಬಂದಿದ್ದಾರೆ. ಆದರೆ ಅವರನ್ನು ಒಂಟಿಯಾಗಿ ಕೂರಿಸುತ್ತಾರೆ. ಜೋಡಿಯಲ್ಲಿ ಕೂರಿಸಿದರೆ ಮತ್ತೆ ನಗುವ ಪಾತ್ರಕ್ಕೇ ಇಳಿಸುತ್ತಾರೆ. ಕಾಸರಗೋಡು, ಪುತ್ತೂರು, ಸುಳ್ಯದ ಕಡೆ ಈಗ ಮಹಿಳಾ ತಾಳಮದ್ದಳೆ ತಂಡಗಳು ಎಷ್ಟೋ ಇವೆ. ಕೃಷ್ಣನೂ ಅವರೇ, ಕೌರವನೂ ಅವರೇ. ಸಂಧಾನಕ್ಕೆ ಕೂತರೆ ಒಬ್ಬಾಕೆ ಇನ್ನೊಬ್ಬಾಕೆಗೆ ಉಸಿರಾಡಲು ಬಿಡುವುದಿಲ್ಲ, ಆದರೆ ಎದುರಿನವಳ ಒಂದು ಮಾತನ್ನೂ ಕೆಳಗೆ ಬೀಳಗೊಡುವುದಿಲ್ಲ. ನಿಲ್ದಾಣದ ಕಾರ್ಯಕ್ರಮ ಮುಖ್ಯಸ್ಥರು ಒಂದು ಸಂಜೆ ಇಂಥ ಕೂಟಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರಲಿ. ಇಬ್ಬರನ್ನು ಆರಿಸಿ ಬೆಳಗ್ಗೆ ಏಳಕ್ಕೆ ಮೈಕಿನ ಮುಂದೆ ಕೂರಿಸಲಿ. ಮೂರು ನಿಮಿಷ ಆಯಿತು, ಇನ್ನು ಹಾಡು ಹಾಕಬೇಕು ಎಂದು ಅವರಿಗೆ ಹೇಳುವ ಧೈರ್ಯ ಯಾರಿಗುಂಟು ಎಂಬುದನ್ನು ಮಾತ್ರ ಮೊದಲೇ ನಿಶ್ಚಯ ಮಾಡಿಕೊಳ್ಳುವುದು ಒಳ್ಳೆಯದು.